ಎಂಟು ದಿನ, ಹತ್ತು ಊರು, ಜೊತೆಗೆ ಅಪ್ಪನ ಮಂಡಿ ನೋವು: ಹಂಪಿ, ಬಾದಾಮಿ, ವಿಜಯಪುರ ಕಾರಿನಲ್ಲಿ ಸುತ್ತೋದು ಹೇಗೆ?

ಪ್ರಶ್ನೆ: ಡಿಸೆಂಬರ್ ಕೊನೆಯಲ್ಲಿ ಎಂಟು ದಿನ ರಜೆ ಇದೆ. ಬೆಂಗಳೂರಿನಿಂದ ನಮ್ಮದೇ ಕಾರಿನಲ್ಲಿ ಉತ್ತರ ಕರ್ನಾಟಕ ಸುತ್ತಬೇಕು ಅಂತಿದ್ದೇವೆ. ನಾನು, ಹೆಂಡತಿ, ಹನ್ನೊಂದು ವರ್ಷದ ಮಗ, ಅಪ್ಪ, ಅಮ್ಮ. ಅಪ್ಪನಿಗೆ ಮಂಡಿ ನೋವು. ಮಗನಿಗೆ ಬೆಟ್ಟ ಹತ್ತಬೇಕು, ಪ್ರಾಣಿ ನೋಡಬೇಕು. ಅಮ್ಮನಿಗೆ ದೇವಸ್ಥಾನ ಮತ್ತು ಇಳಕಲ್ ಸೀರೆ. ನನಗೆ ಊಟ! ಪಟ್ಟಿಯಲ್ಲಿ ಚಿತ್ರದುರ್ಗ, ಹಂಪಿ, ಆನೆಗೊಂದಿ, ಐಹೊಳೆ, ಪಟ್ಟದಕಲ್ಲು, ಬಾದಾಮಿ, ವಿಜಯಪುರ, ಲಕ್ಕುಂಡಿ, ಗೋಕಾಕ ಫಾಲ್ಸ್, ದಾಂಡೇಲಿ ಇವೆ. ಇಷ್ಟೂ ಆಗುತ್ತಾ? ಯಾವ ಕ್ರಮದಲ್ಲಿ ಹೋಗೋದು?

ಉತ್ತರ: ಇಷ್ಟೂ ಆಗಲ್ಲ. ಗೋಕಾಕ ಮತ್ತು ದಾಂಡೇಲಿಯನ್ನು ಈಗಲೇ ಪಟ್ಟಿಯಿಂದ ತೆಗೆಯಿರಿ. ಗೋಕಾಕ ಫಾಲ್ಸ್ ನೋಡಬೇಕಾದ್ದು ಮಳೆಗಾಲದಲ್ಲಿ. ಡಿಸೆಂಬರ್ ಹೊತ್ತಿಗೆ ನೀರು ಇಳಿದಿರುತ್ತದೆ. ದಾಂಡೇಲಿ ಕಾಡಿನ ಊರು, ಅದಕ್ಕೆ ಬೇರೆಯೇ ಮೂರು ದಿನ ಬೇಕು. ವರ್ಷದ ಕೊನೆಯ ವಾರ ಗೋವಾ ಕಡೆ ಹೋಗುವವರೆಲ್ಲ ಆ ದಾರಿಯಲ್ಲೇ ಇರುತ್ತಾರೆ. ಲಕ್ಕುಂಡಿಯನ್ನು ಪೂರ್ತಿ ಬಿಡಬೇಡಿ, ಅದು ನಿಮ್ಮ ತುರ್ತು ದಾರಿ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ಉಳಿದ ಏಳು ಊರು ಆರಾಮಾಗಿ ಆಗುತ್ತವೆ. ಆದರೆ ಪ್ಲ್ಯಾನ್ ಮಾಡುವ ಕ್ರಮ ಬದಲಾಗಬೇಕು. ಎಲ್ಲರೂ ಮೊದಲು ನೋಡುವ ಜಾಗ ಬರೆದುಕೊಳ್ಳುತ್ತಾರೆ, ಆಮೇಲೆ ರಾತ್ರಿ ಎಲ್ಲಿ ಬೀಳುತ್ತದೋ ಅಲ್ಲಿ ರೂಮ್ ಹುಡುಕುತ್ತಾರೆ. ವಯಸ್ಸಾದವರು ಜೊತೆಗಿದ್ದಾಗ ಇದನ್ನು ತಿರುಗಿಸಿ. ಮೊದಲು ಮಲಗುವ ಊರು ಗೊತ್ತು ಮಾಡಿ. ಕಮಲಾಪುರದಲ್ಲಿ ಮೂರು ರಾತ್ರಿ, ಬಾದಾಮಿಯಲ್ಲಿ ಎರಡು, ವಿಜಯಪುರದಲ್ಲಿ ಒಂದು, ವಾಪಸ್ ಬರುವಾಗ ಚಿತ್ರದುರ್ಗದಲ್ಲಿ ಒಂದು. ದಿನಾ ಬೆಳಗ್ಗೆ ಬ್ಯಾಗು ಕಟ್ಟಿ, ಡಿಕ್ಕಿ ತುಂಬಿ, ಬಿಲ್ ಕಟ್ಟಿ ಹೊರಡೋದರಲ್ಲೇ ಎರಡು ಗಂಟೆ ಹೋಗುತ್ತದೆ. ಅದೂ ಬೆಳಗಿನ ಎರಡು ಗಂಟೆ, ದಿನದಲ್ಲೇ ಚೆನ್ನಾಗಿರುವ ಹೊತ್ತು. ಈ ಸೀಮೆಯಲ್ಲಿ ಬೆಳಗ್ಗೆ ಮತ್ತು ಸಂಜೆ ಕಲ್ಲಿಗೆ, ಮಧ್ಯಾಹ್ನ ನೆರಳಿಗೆ, ಊಟಕ್ಕೆ, ದಾರಿಗೆ. ಡಿಸೆಂಬರ್‌ನಲ್ಲೂ ಹನ್ನೆರಡರಿಂದ ಮೂರರವರೆಗಿನ ಬಿಸಿಲು ಬರೀ ಬಂಡೆಯ ಮೇಲೆ ಚುರುಗುಟ್ಟುತ್ತದೆ.

ಭಾನುವಾರ ಹೊರಡಿ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಇಡೀ ಪ್ರವಾಸ ಇದರಿಂದ ಸಲೀಸಾಗುತ್ತದೆ. ವಾರಾಂತ್ಯದ ಜನ ಹಂಪಿಯಿಂದ ವಾಪಸ್ ಹೊರಡುವಾಗ ನೀವು ಅಲ್ಲಿಗೆ ತಲುಪುತ್ತೀರಿ. ಸೋಮವಾರ, ಮಂಗಳವಾರ ಹಂಪಿ ನಿಮ್ಮದು. ಇನ್ನೊಂದು ಲಾಭವೂ ಇದೆ. ಪುರಾತತ್ವ ಇಲಾಖೆಯ ಮ್ಯೂಸಿಯಂಗಳಿಗೆ ಶುಕ್ರವಾರ ರಜೆ. ಭಾನುವಾರ ಹೊರಟರೆ ಕಮಲಾಪುರ, ಬಾದಾಮಿ ಎರಡೂ ಮ್ಯೂಸಿಯಂ ತೆರೆದಿರುವ ದಿನವೇ ಸಿಗುತ್ತವೆ.

ಮೊದಲ ದಿನ ಬೆಂಗಳೂರಿನಿಂದ ಕಮಲಾಪುರಕ್ಕೆ ಸುಮಾರು 340 ಕಿಲೋಮೀಟರ್. ಚಿತ್ರದುರ್ಗದವರೆಗೆ ರಾಷ್ಟ್ರೀಯ ಹೆದ್ದಾರಿ 48, ಅಲ್ಲಿಂದ ಹೊಸಪೇಟೆಗೆ 50. ಹೋಗುವಾಗ ದುರ್ಗದ ಕೋಟೆ ಹತ್ತಬೇಡಿ. ಹತ್ತಿದರೆ ಅರ್ಧ ದಿನ ಹೋಗುತ್ತದೆ, ಹಂಪಿ ತಲುಪುವಾಗ ಕತ್ತಲು. ತಿಂಡಿ ತಿಂದು ಮುಂದೆ ಹೋಗಿ. ಕಮಲಾಪುರದಲ್ಲೇ ಉಳಿಯಿರಿ ಅಂತ ಹೇಳೋದಕ್ಕೆ ಕಾರಣ ಇದೆ. ಹೊಸಪೇಟೆಯಿಂದ ಹಂಪಿಗೆ ಹದಿಮೂರು ಕಿಲೋಮೀಟರ್ ಆದರೆ ಕಮಲಾಪುರದಿಂದ ನಾಲ್ಕೇ. ಮಧ್ಯಾಹ್ನ ಅಪ್ಪನನ್ನು ರೂಮಿಗೆ ಕರೆತಂದು ಮಲಗಿಸಿ, ನಾಲ್ಕಕ್ಕೆ ಮತ್ತೆ ಹೋಗಬಹುದು. ರಾಜ್ಯ ಪ್ರವಾಸೋದ್ಯಮ ನಿಗಮದ (ಕೆಎಸ್‌ಟಿಡಿಸಿ) ಹೋಟೆಲ್ ಮಯೂರ ಭುವನೇಶ್ವರಿ ಅಲ್ಲೇ ಇದೆ. ಬಾದಾಮಿಯಲ್ಲಿ ಮಯೂರ ಚಾಲುಕ್ಯ, ವಿಜಯಪುರದಲ್ಲಿ ಮಯೂರ ಆದಿಲ್ ಶಾಹಿ ಇವೆ. ಬುಕ್ ಮಾಡುವಾಗ ನೆಲಮಹಡಿಯ ರೂಮೇ ಬೇಕು ಅಂತ ಫೋನಿನಲ್ಲಿ ಒಂದು ಮಾತು ಹೇಳಿ.

ಸೋಮವಾರ ಬೆಳಗ್ಗೆ ನೇರವಾಗಿ ವಿಠ್ಠಲ ದೇವಸ್ಥಾನಕ್ಕೆ. ಕಾರು ನಿಲ್ಲಿಸುವ ಜಾಗದಿಂದ ಬ್ಯಾಟರಿ ಗಾಡಿ ಇದೆ, ಅಪ್ಪ ನಡೆಯಬೇಕಾಗಿಲ್ಲ. ಹತ್ತು ಗಂಟೆ ಆದರೆ ಆ ಗಾಡಿಗೆ ಉದ್ದ ಸಾಲು. ಐವತ್ತು ರೂಪಾಯಿ ನೋಟನ್ನು ಮಗನ ಕೈಗೆ ಕೊಟ್ಟು ಕಲ್ಲಿನ ರಥದ ಮುಂದೆ ನಿಲ್ಲಿಸಿ. ನೋಟಿನ ಹಿಂದಿರುವುದು ಅದೇ ರಥ. ಟಿಕೆಟ್ ಎಸೆಯಬೇಡಿ, ಅದೇ ದಿನ ಕಮಲ ಮಹಲಿಗೂ ಕಮಲಾಪುರದ ಮ್ಯೂಸಿಯಂಗೂ ನಡೆಯುತ್ತದೆ. ಹದಿನೈದು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ಬಿಸಿಲೇರುತ್ತಿದ್ದ ಹಾಗೆ ಮ್ಯೂಸಿಯಂಗೆ ಹೋಗಿ. ಅಲ್ಲಿ ಹಂಪಿಯ ಇಡೀ ಕಣಿವೆಯ ಮಾದರಿ ಮಾಡಿಟ್ಟಿದ್ದಾರೆ. ನದಿ ಎಲ್ಲಿ ತಿರುಗುತ್ತದೆ, ಅರಮನೆ ಎಷ್ಟು ದೂರ, ಮಾತಂಗ ಬೆಟ್ಟ ಯಾಕೆ ನಡುವಿನಲ್ಲಿದೆ, ಎಲ್ಲವೂ ಒಂದೇ ನೋಟಕ್ಕೆ ತಿಳಿಯುತ್ತದೆ. ಬಹಳ ಜನ ಇದನ್ನು ಕೊನೆಗೆ ನೋಡುತ್ತಾರೆ, ಇಲ್ಲವೇ ನೋಡುವುದೇ ಇಲ್ಲ. ಮೊದಲ ದಿನವೇ ನೋಡಿದರೆ ಮರುದಿನದ ಓಡಾಟಕ್ಕೆಲ್ಲ ಒಂದು ಅರ್ಥ ಬರುತ್ತದೆ.

ಸೋಮವಾರ ಸಂಜೆ ಹೇಮಕೂಟ. ಅದು ಗುಡ್ಡ ಅನ್ನೋದಕ್ಕಿಂತ ಇಳಿಜಾರಾದ ಹಾಸುಬಂಡೆ. ಕೈ ಹಿಡಿದುಕೊಂಡು ನಿಧಾನಕ್ಕೆ ಹೋದರೆ ಅಪ್ಪನೂ ಸ್ವಲ್ಪ ದೂರ ಬರುತ್ತಾರೆ. ಮಾತಂಗ ಬೆಟ್ಟ ಮಾತ್ರ ಅವರಿಗೆ ಬೇಡ. ಮಂಗಳವಾರ ಬೆಳಗ್ಗೆ ನೀವೋ ನಿಮ್ಮ ಹೆಂಡತಿಯೋ ಮಗನನ್ನು ಕರೆದುಕೊಂಡು ಸೂರ್ಯೋದಯಕ್ಕೆ ಮಾತಂಗ ಹತ್ತಿ. ಟಾರ್ಚ್ ಇರಲಿ, ಸ್ಥಳೀಯ ಗೈಡ್ ಒಬ್ಬರು ಜೊತೆಗಿರಲಿ. ಅಷ್ಟು ಹೊತ್ತು ಅಪ್ಪ ಅಮ್ಮ ವಿರೂಪಾಕ್ಷ ದೇವಸ್ಥಾನದಲ್ಲಿ ಕೂತಿರಲಿ. ಅವರಿಗೆ ಅದೇ ಇಷ್ಟವಾಗುತ್ತದೆ. ಗರ್ಭಗುಡಿಯ ಹಿಂಭಾಗದಲ್ಲಿ ಒಂದು ಕತ್ತಲೆ ಜಾಗ ಇದೆ. ಗೋಡೆಯ ಸಣ್ಣ ಕಿಂಡಿಯಿಂದ ಬೆಳಕು ಬಂದು, ಮುಂದಿನ ದೊಡ್ಡ ಗೋಪುರದ ನೆರಳು ಎದುರಿನ ಗೋಡೆ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಕ್ಯಾಮೆರಾ ಕೆಲಸ ಮಾಡೋದು ಇದೇ ತತ್ವದಿಂದ. ಬೆಟ್ಟ ಇಳಿದು ಬಂದ ಮಗನಿಗೆ ತೋರಿಸಿ, ಕಿಂಡಿಗೆ ಕೈ ಅಡ್ಡ ಹಿಡಿದು ನೋಡಲಿ. ಶಾಲೆಯ ಪಾಠಕ್ಕಿಂತ ಚೆನ್ನಾಗಿ ನೆನಪಿರುತ್ತದೆ.

ಅದೇ ದಿನ ಹಜಾರ ರಾಮ, ಮಹಾನವಮಿ ದಿಬ್ಬ, ಪುಷ್ಕರಣಿ, ಆನೆಲಾಯ. ಇವು ಒಂದರ ಪಕ್ಕ ಒಂದಿವೆ. ಮಧ್ಯಾಹ್ನದ ಮೇಲೆ ದರೋಜಿ ಕರಡಿಧಾಮಕ್ಕೆ ಹೋಗಿ, ಕಮಲಾಪುರದಿಂದ ಹತ್ತಿರ. 1994ರಲ್ಲಿ ಆದ ಧಾಮ ಇದು. ಕಾವಲುಗೋಪುರದಿಂದ ನೋಡಬೇಕು. ಅರಣ್ಯ ಸಿಬ್ಬಂದಿ ಬಂಡೆಗಳಿಗೆ ಬೆಲ್ಲದ ಪಾಕ ಸವರಿ ಬರುತ್ತಾರೆ. ಸ್ವಲ್ಪ ಹೊತ್ತಿಗೆ ಗುಡ್ಡದ ಸಂದಿಯಿಂದ ಕರಡಿಗಳು ಇಳಿದು ನೆಕ್ಕಲು ಶುರು ಮಾಡುತ್ತವೆ. ಕೆಲವೊಮ್ಮೆ ಮರಿ ತಾಯಿಯ ಬೆನ್ನ ಮೇಲೇ ಕೂತು ಬರುತ್ತದೆ. ದೂರ ಜಾಸ್ತಿ, ಬೈನಾಕ್ಯುಲರ್ ಇಲ್ಲದೆ ಹೋದರೆ ಮಗನಿಗೆ ಬರೀ ಕಪ್ಪು ಚುಕ್ಕೆ ಕಾಣುತ್ತದೆ. ಸಾಲ ಮಾಡಿಯಾದರೂ ಒಂದು ಒಯ್ಯಿರಿ. ಆನೆಗೊಂದಿಗೆ ಹೋಗುವ ಆಸೆ ಇದ್ದರೆ ಸೋಮವಾರ ವಿಠ್ಠಲ ಆದಮೇಲೆ ತಳವಾರ ಘಟ್ಟದಿಂದ ಹರಿಗೋಲಿನಲ್ಲಿ ದಾಟಿ ಬರಬಹುದು. ಅಂಜನಾದ್ರಿಯ 575 ಮೆಟ್ಟಿಲು ಈ ಸಲ ಬಿಡಿ. ತುಂಗಭದ್ರೆಯಲ್ಲಿ ಎಲ್ಲೂ ಈಜಲು ಇಳಿಯಬೇಡಿ. ನೀರು ಮೇಲೆ ಶಾಂತವಾಗಿ ಕಂಡರೂ ಬಂಡೆಗಳ ನಡುವೆ ಸೆಳೆತ ಬಲವಾಗಿದೆ. ಕತ್ತಲಾದ ಮೇಲೆ ನದಿ, ಕೆರೆ ಕಡೆಯ ನಿರ್ಜನ ಜಾಗಗಳಿಗೂ ಹೋಗಬೇಡಿ.

ಬುಧವಾರ ನನಗೆ ಇಡೀ ಪ್ರವಾಸದಲ್ಲೇ ಹೆಚ್ಚು ಇಷ್ಟವಾದ ದಾರಿ. ಗೂಗಲ್ ಮ್ಯಾಪ್ ಗಜೇಂದ್ರಗಡದ ಕಡೆ ಎಳೆದರೆ ಕೇಳಬೇಡಿ. ಹೊಸಪೇಟೆಯಿಂದ ಹೆದ್ದಾರಿ 50 ಹಿಡಿದು ಕುಷ್ಟಗಿ, ಇಳಕಲ್, ಹುನಗುಂದ, ಅಲ್ಲಿಂದ ಎಡಕ್ಕೆ ಅಮೀನಗಡ, ಐಹೊಳೆ. ಅಮ್ಮನ ಸೀರೆ, ನಿಮ್ಮ ಊಟ, ಐಹೊಳೆ ಮೂರೂ ಒಂದೇ ದಾರಿಯಲ್ಲಿ ಮುಗಿಯುತ್ತವೆ.

ಇಳಕಲ್‌ನಲ್ಲಿ ಅಂಗಡಿಗೆ ಹೋಗುವ ಮುಂಚೆ ಒಂದು ಮಗ್ಗ ನೋಡಿ. ನೇಕಾರರ ಓಣಿಯಲ್ಲಿ ವಿನಯವಾಗಿ ಕೇಳಿದರೆ ಒಳಗೆ ಕರೆಯುತ್ತಾರೆ. ಇಳಕಲ್ ಸೀರೆಯ ಗುಟ್ಟು ಸೆರಗಿನಲ್ಲಿದೆ. ಒಡಲಿನ ಹಾಸು, ಅಂದರೆ ಮಗ್ಗದ ಉದ್ದಕ್ಕೆ ಬರುವ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕುಣಿಕೆ ಹಾಕಿ ಒಂದರೊಳಗೊಂದು ಕೂಡಿಸುತ್ತಾರೆ. ಇದನ್ನೇ ಕೊಂಡಿ ಅನ್ನೋದು. ಸೀರೆ ಕೊಳ್ಳುವಾಗ ಸೆರಗು ಶುರುವಾಗುವ ಜಾಗವನ್ನು ಬೆಳಕಿಗೆ ಹಿಡಿಯಿರಿ. ಕೂಡಿಸಿದ ಗೆರೆ ಕಂಡರೆ ಕೈಯಿಂದ ಕೊಂಡಿ ಹಾಕಿದ್ದು. ಕೆಂಪು ಸೆರಗಿನ ಬಿಳಿ ಕೋಟೆ ತೆನೆಗಳಿಗೆ ತೋಪು ತೆನಿ ಅನ್ನುತ್ತಾರೆ. ನೇಕಾರರ ಹತ್ತಿರ ಜಾಸ್ತಿ ಚೌಕಾಶಿ ಮಾಡಬೇಡಿ ಅಂತ ನನ್ನ ಕೋರಿಕೆ. ಒಂದು ಸೀರೆಗೆ ಒಂದು ಮನೆಯವರೆಲ್ಲ ದುಡಿದಿರುತ್ತಾರೆ.

ಮುಂದೆ ಅಮೀನಗಡದಲ್ಲಿ ಕರದಂಟು ಕೊಳ್ಳಿ. ಬೆಲ್ಲ, ಕರಿದ ಅಂಟು, ಒಣಹಣ್ಣು, ಗೋಡಂಬಿ ಬಾದಾಮಿ. ಬಾಣಂತಿಯರಿಗೆ ಕೊಡುವ ತಿಂಡಿ ಇದು. ಗಟ್ಟಿ ಇರುತ್ತದೆ, ಕೆಡಲ್ಲ, ಪ್ರಯಾಣಕ್ಕೆ ಹೇಳಿ ಮಾಡಿಸಿದ್ದು. ಅಪ್ಪನಿಗೆ ಸಕ್ಕರೆ ಕಾಯಿಲೆ ಇದ್ದರೆ ಡಬ್ಬ ಕೈಗೆ ಸಿಗದ ಹಾಗೆ ಇಡಿ. ಊಟವನ್ನೂ ಹುನಗುಂದ ಇಲ್ಲವೇ ಅಮೀನಗಡದಲ್ಲೇ ಮುಗಿಸಿ, ಐಹೊಳೆಯಲ್ಲಿ ಊಟದ ಜಾಗ ಕಡಿಮೆ. ಶೌಚಾಲಯದ ವಿಷಯವೂ ಇಷ್ಟೇ. ಸಣ್ಣ ರಸ್ತೆಗೆ ಇಳಿಯುವ ಮುಂಚೆ ಹೆದ್ದಾರಿಯ ಹೋಟೆಲಿನಲ್ಲೋ ಬಂಕಿನಲ್ಲೋ ನಿಲ್ಲಿಸಿ.

ಐಹೊಳೆಯಲ್ಲಿ ದುರ್ಗ ಗುಡಿ, ಲಾಡಖಾನ್ ಗುಡಿ ಎರಡೂ ಒಂದೇ ಆವರಣದಲ್ಲಿವೆ, ನೆಲ ಸಮತಟ್ಟು. ಮೇಗುಟಿ ಗುಡ್ಡವನ್ನು ಮಗ ಹತ್ತಲಿ. ಮೇಲಿನ ಜೈನ ಗುಡಿಯ ಗೋಡೆಯಲ್ಲಿ 634ರ ಶಾಸನ ಇದೆ, ರವಿಕೀರ್ತಿ ಬರೆದದ್ದು. ಇಮ್ಮಡಿ ಪುಲಕೇಶಿ ಹರ್ಷವರ್ಧನನನ್ನು ಸೋಲಿಸಿದ ವಿಷಯ ಶಾಲೆಯ ಪುಸ್ತಕಕ್ಕೆ ಬಂದಿದ್ದು ಆ ಕಲ್ಲಿನಿಂದ. ಆ ಸಂಜೆ ಬಾದಾಮಿ ಸೇರಿ ಮಲಗಿ, ಬೇರೇನೂ ಬೇಡ.

ಗುರುವಾರ ಬೇಗ ಎದ್ದು 22 ಕಿಲೋಮೀಟರ್ ಹಿಂದಕ್ಕೆ, ಪಟ್ಟದಕಲ್ಲಿಗೆ. ಬುಧವಾರವೇ ಐಹೊಳೆ ಜೊತೆ ಮುಗಿಸಬಹುದಲ್ವಾ ಅಂತ ಕೇಳುತ್ತೀರಿ. ಮುಗಿಸಬಹುದು, ಎಲ್ಲರೂ ಹಾಗೇ ಮಾಡುತ್ತಾರೆ, ಆಮೇಲೆ ಎರಡೂ ಒಂದೇ ಥರ ಇದ್ದವು ಅನ್ನುತ್ತಾರೆ. ಪಟ್ಟದಕಲ್ಲನ್ನು ಬೆಳಗಿನ ಹೊಸ ಕಣ್ಣಿನಿಂದ ನೋಡಬೇಕು. ಒಂದೇ ಹುಲ್ಲುಹಾಸಿನ ಮೇಲೆ ಉತ್ತರದ ಬಾಗಿದ ಶಿಖರ, ದಕ್ಷಿಣದ ಮೆಟ್ಟಿಲು ಮೆಟ್ಟಿಲಾದ ಶಿಖರ ಪಕ್ಕ ಪಕ್ಕ ನಿಂತಿವೆ. ಯಾವುದು ಯಾವುದು ಅಂತ ಮಗನೇ ಗುರುತಿಸಲಿ. ಎಲ್ಲಕ್ಕಿಂತ ದೊಡ್ಡದು ವಿರೂಪಾಕ್ಷ ಗುಡಿ. ಇಮ್ಮಡಿ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ಒಳಗಿನ ಕಂಬಗಳ ಮೇಲೆ ರಾಮಾಯಣ, ಮಹಾಭಾರತದ ಕತೆಗಳಿವೆ. ಅಮ್ಮನಿಗೆ ಯಾವ ಗೈಡೂ ಬೇಡ, ಅವರೇ ಮೊಮ್ಮಗನಿಗೆ ಹೇಳಬಲ್ಲರು. 1987ರಿಂದ ಇದು ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ, ಹಂಪಿ ಅದಕ್ಕೆ ಒಂದು ವರ್ಷ ಮೊದಲು ಸೇರಿತ್ತು.

ವಾಪಸ್ ಬರುವಾಗ ಮಹಾಕೂಟದಲ್ಲಿ ಇಳಿಯಿರಿ. ಮರಗಳ ನೆರಳು, ಊಟೆ ನೀರಿನ ಹೊಂಡ. ಆಮೇಲೆ ಬಾದಾಮಿ ದಾಟಿ ಬನಶಂಕರಿ. ಹೋಟೆಲ್ ಊಟ ಆ ಮಧ್ಯಾಹ್ನ ಬೇಡವೇ ಬೇಡ. ಗುಡಿಯ ಮುಂದಿನ ಹೊಂಡದ ಹತ್ತಿರ ಹೆಣ್ಣುಮಕ್ಕಳು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಬಟ್ಟೆ ಬಿಚ್ಚಿದರೆ ಒಳಗೆ ಖಡಕ್ ಜೋಳದ ರೊಟ್ಟಿ, ಅದರ ಮೇಲೆ ಝುಣಕ, ಕಾಳು ಪಲ್ಯ, ಕೆಂಪು ಖಾರ, ಶೇಂಗಾ ಹಿಂಡಿ, ಗಡಿಗೆ ಮೊಸರು. ಕೈಯಲ್ಲೇ ಹಿಡಿದು, ಕಟ್ಟೆ ಮೇಲೆ ಕೂತು ತಿನ್ನೋದು. ಮನೆಯಲ್ಲಿ ಮಾಡಿ ತಂದ ಅಡುಗೆ, ಅವರ ಕೈರುಚಿಯೇ ಬೇರೆ. ಖಾರ ತಡೆಯದವರು ಹಿಂಡಿಗೆ ಮೊಸರು ಕಲಸಿಕೊಳ್ಳಿ, ಮಗನಿಗೆ ರೊಟ್ಟಿ ಮೊಸರು ಸಾಕು. ಉಳಿದ ದಿನಗಳಲ್ಲಿ ಖಾನಾವಳಿ ಅಂತ ಬೋರ್ಡ್ ಇರುವ ಕಡೆ ಊಟ ಮಾಡಿ. ಎಣ್ಣೆಗಾಯಿ, ಹಸಿ ಉಳ್ಳಾಗಡ್ಡಿ, ಬಿಸಿ ರೊಟ್ಟಿ ಬೇಕಾದಷ್ಟು. ಬಿಸಿ ರೊಟ್ಟಿ ಅಪ್ಪನ ಹಲ್ಲಿಗೂ ಒಳ್ಳೆಯದು.

ಗುರುವಾರ ಸಂಜೆ ನಾಲ್ಕರ ಮುಂಚೆ ಬಾದಾಮಿಯ ಮ್ಯೂಸಿಯಂ, ನಂತರ ಅಗಸ್ತ್ಯ ತೀರ್ಥದ ದಂಡೆಯಲ್ಲೇ ಭೂತನಾಥ ಗುಡಿಯವರೆಗೆ ನಿಧಾನ ನಡಿಗೆ. ಗುಡಿಯ ಮುಖ ಪಶ್ಚಿಮಕ್ಕಿದೆ, ಹಾಗಾಗಿ ಸಂಜೆಯ ಬಿಸಿಲು ನೇರ ಅದರ ಮೇಲೆ. ಕೆರೆಯ ಈಶಾನ್ಯದ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನ ಇದೆ. ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’ ಅನ್ನುವ ತ್ರಿಪದಿ ಕನ್ನಡದ ಮಕ್ಕಳೆಲ್ಲ ಕೇಳಿರುತ್ತಾರೆ, ಅದು ಕೆತ್ತಿರೋದು ಆ ಕಲ್ಲಿನ ಮೇಲೆ. ಅಲ್ಲಿನವರನ್ನು ಕೇಳಿಕೊಂಡೇ ಹೋಗಿ.

ಗುಹೆಗಳನ್ನು ಶುಕ್ರವಾರ ಬೆಳಗ್ಗೆ, ತೆರೆದ ಕೂಡಲೇ ನೋಡಿ. ಶಾಲಾ ಪ್ರವಾಸದ ಬಸ್ಸುಗಳು ಆಮೇಲೆ ಬರುತ್ತವೆ. ಒಂದನೇ ಗುಹೆಯ ಹದಿನೆಂಟು ಕೈಗಳ ನಟರಾಜನವರೆಗೆ ಮೆಟ್ಟಿಲು ಕಡಿಮೆ, ಅಪ್ಪ ಅಲ್ಲಿವರೆಗೆ ಬಂದರೆ ಸಾಕು. ಮೂರನೆಯದೇ ಎಲ್ಲಕ್ಕಿಂತ ದೊಡ್ಡದು. ಮಂಗಳೇಶ 578ರಲ್ಲಿ ಬರೆಸಿದ ಶಾಸನ ಅಲ್ಲೇ ಇದೆ. ಕೋತಿಗಳ ಕಾಟ ತುಂಬಾ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಕಂಡರೆ ತಿಂಡಿ ಅಂತಲೇ ತಿಳಿದು ಕಿತ್ತುಕೊಳ್ಳುತ್ತವೆ. ಮಗನಿಗೆ ಬೆಟ್ಟ ಹತ್ತಬೇಕು ಅಂದಿರಿ. ಬಾದಾಮಿಯ ಕೆಂಪು ಮರಳುಗಲ್ಲು ದೇಶದ ಒಳ್ಳೆಯ ಕ್ಲೈಂಬಿಂಗ್ ಜಾಗಗಳಲ್ಲಿ ಒಂದು. ಹಗ್ಗ, ಹೆಲ್ಮೆಟ್ ಇಟ್ಟುಕೊಂಡ ತರಬೇತುದಾರರು ಇದ್ದರೆ ಮಾತ್ರ ಒಂದೆರಡು ಗಂಟೆ ಕಳಿಸಿ. ಸುಮ್ನೆ ಕೋಟೆ ಬಂಡೆಗಳ ಮೇಲೆ ಹತ್ತಲು ಬಿಡಬೇಡಿ.

ಮಧ್ಯಾಹ್ನ ಬಾಗಲಕೋಟೆ ಮೇಲೆ ವಿಜಯಪುರಕ್ಕೆ ಸುಮಾರು ಮೂರು ಗಂಟೆಯ ದಾರಿ. ಕೃಷ್ಣೆಯ ಉದ್ದದ ಸೇತುವೆ ದಾಟಿದರೆ ಕೊಲ್ಹಾರ. ಅಲ್ಲಿ ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿದ ಮೊಸರು ಸಿಗುತ್ತದೆ, ಚಮಚದಿಂದ ಕತ್ತರಿಸಿ ತಿನ್ನುವಷ್ಟು ಗಟ್ಟಿ. ನಿಲ್ಲಿಸದೆ ಹೋಗಬೇಡಿ. ಈ ರಸ್ತೆಯ ಬಗ್ಗೆ ಒಂದು ಗಟ್ಟಿ ಎಚ್ಚರಿಕೆ: ಡಿಸೆಂಬರ್ ಕಬ್ಬು ಕಡಿಯುವ ಕಾಲ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಾತ್ರಿ ಹಿಂದೆ ದೀಪವೇ ಇಲ್ಲದೆ ಹೋಗುತ್ತವೆ. ಬಾಗಲಕೋಟೆ, ವಿಜಯಪುರ ಸೀಮೆಯಲ್ಲಿ ಕತ್ತಲಾದ ಮೇಲೆ ಕಾರು ಓಡಿಸಬೇಡಿ. ಆರು ಗಂಟೆಗೆ ಊರು ಸೇರಿರಬೇಕು, ಇದರಲ್ಲಿ ರಾಜಿ ಇಲ್ಲ.

ಬೇಗ ಹೊರಟಿದ್ದರೆ ಆ ಸಂಜೆಯೇ ಇಬ್ರಾಹಿಂ ರೋಜಾ ನೋಡಬಹುದು. ನನ್ನ ಮಟ್ಟಿಗೆ ಗೋಲಗುಮ್ಮಟಕ್ಕಿಂತ ಚಂದದ ಕಟ್ಟಡ ಅದು. ಗೋಡೆಗಳ ತುಂಬ ಅಕ್ಷರವನ್ನೇ ಕುಸುರಿಯಾಗಿ ಕೆತ್ತಿದ್ದಾರೆ, ಹತ್ತುವುದೂ ಕಡಿಮೆ. ಗೋಲಗುಮ್ಮಟಕ್ಕೆ ಶನಿವಾರ ಬೆಳಗ್ಗೆ ಬಾಗಿಲು ತೆರೆಯುವಾಗಲೇ ಹೋಗಿ. ಮೊಹಮ್ಮದ್ ಆದಿಲ್ ಶಾಹನ ಗೋರಿ ಇದು, 1656ರ ಹೊತ್ತಿನದು. ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್, ನಡುವೆ ಒಂದು ಕಂಬವೂ ಇಲ್ಲ. ಮೇಲಿನ ಪಿಸುಗುಟ್ಟುವ ಗ್ಯಾಲರಿಯ ಮಜಾ ಇರುವುದು ಜನ ಇಲ್ಲದಾಗ. ಹತ್ತು ಗಂಟೆಗೆ ಹೋದರೆ ನೂರು ಮಕ್ಕಳ ಕೂಗು ಬಿಟ್ಟು ಬೇರೇನೂ ಕೇಳಲ್ಲ. ಬೆಳಗ್ಗೆ ಮಗ ಒಂದು ಕಡೆ ಗೋಡೆಗೆ ಬಾಯಿ ಹತ್ತಿರ ತಂದು ಪಿಸುಗುಟ್ಟಲಿ, ನೀವು ಎದುರು ಕಡೆ ಗೋಡೆಗೆ ಕಿವಿ ಕೊಡಿ. ಮೂಲೆಯ ಗೋಪುರದ ಮೆಟ್ಟಿಲು ಇಕ್ಕಟ್ಟು, ಎತ್ತರ. ಅಪ್ಪ ಕೆಳಗೇ ಇರಲಿ, ಕೆಳಗಿನಿಂದ ತಲೆ ಎತ್ತಿ ನೋಡಿದರೂ ಅದರ ಗಾತ್ರ ಗೊತ್ತಾಗುತ್ತದೆ.

ಹಂಪಿಯನ್ನು ಮೊದಲು, ವಿಜಯಪುರವನ್ನು ಆಮೇಲೆ ಇಟ್ಟಿದ್ದಕ್ಕೆ ಇನ್ನೊಂದು ಕಾರಣ ಇದೆ. 1565ರ ರಕ್ಕಸಗಿ ತಂಗಡಗಿ ಯುದ್ಧದಲ್ಲಿ ವಿಜಯನಗರ ಸೋತಿತು. ಗೆದ್ದ ಸುಲ್ತಾನರಲ್ಲಿ ವಿಜಯಪುರದವರೂ ಒಬ್ಬರು. ನೀವು ಇಲ್ಲಿ ನೋಡುವ ದೊಡ್ಡ ಕಟ್ಟಡಗಳೆಲ್ಲ ಆಮೇಲಿನ ನೂರು ವರ್ಷದಲ್ಲಿ ಎದ್ದವು. ಪಾಳುಬಿದ್ದ ಅರಮನೆ ನೋಡಿ ಬಂದ ಹುಡುಗನಿಗೆ ಈ ಊರಿನಲ್ಲಿ ಕೇಳಲು ಬೇಕಾದಷ್ಟು ಪ್ರಶ್ನೆ ಇರುತ್ತವೆ.

ಶನಿವಾರ ಹತ್ತಕ್ಕೆ ಹೊರಟರೆ ಹೆದ್ದಾರಿ 50 ನೇರ ಚಿತ್ರದುರ್ಗಕ್ಕೆ ತರುತ್ತದೆ, ಸುಮಾರು 330 ಕಿಲೋಮೀಟರ್. ಎಲ್ಲರೂ ಚುರುಕಾಗಿದ್ದರೆ ಮಾತ್ರ ಕೂಡಲಸಂಗಮಕ್ಕೆ ತಿರುಗಿ, ಕೃಷ್ಣಾ ಮಲಪ್ರಭಾ ಕೂಡುವ ಜಾಗ, ಬಸವಣ್ಣನವರ ಐಕ್ಯ ಮಂಟಪ ನೋಡಿ ಬನ್ನಿ. ಭಾನುವಾರ ಬೆಳಗ್ಗೆ ದುರ್ಗದ ಕೋಟೆ. ಓಬವ್ವನ ಕಿಂಡಿ ಮಗನಿಗೆ, ಕೆಳಗಿನ ಸುತ್ತಿನ ನೆರಳು ಅಪ್ಪನಿಗೆ. ಮಧ್ಯಾಹ್ನ ಹೊರಟರೆ 200 ಕಿಲೋಮೀಟರ್, ಸಂಜೆಗೆ ಮನೆ.

ಈಗ ಲಕ್ಕುಂಡಿ. ಬಾದಾಮಿ ತಲುಪುವ ಹೊತ್ತಿಗೆ ಅಪ್ಪ ಸುಸ್ತಾಗಿದ್ದಾರೆ ಅನ್ನಿಸಿದರೆ ವಿಜಯಪುರ ಬಿಡಿ, ಯೋಚನೆ ಬೇಡ. ಬಾದಾಮಿಯಲ್ಲೇ ಇನ್ನೊಂದು ರಾತ್ರಿ ಇದ್ದು, ರೋಣ, ಗದಗ, ಲಕ್ಕುಂಡಿ, ಕೊಪ್ಪಳ, ಹೊಸಪೇಟೆ ಮೇಲೆ ಇಳಿಯಿರಿ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿ, ಮುಂದೆ ಇಟಗಿಯಲ್ಲಿ 1112ರ ಮಹಾದೇವ ದೇವಾಲಯ. ಎರಡೂ ಕಡೆ ಜನ ಕಡಿಮೆ, ಕೆತ್ತನೆ ಒಡವೆ ಕೆಲಸದ ಹಾಗೆ. ಗುಡಿಯ ಬಾಗಿಲಿಗೇ ಕಾರು ಹೋಗುತ್ತದೆ.

ಎಲ್ಲಕ್ಕಿಂತ ಮೊದಲು ಬಾದಾಮಿಯ ರೂಮ್ ಬುಕ್ ಮಾಡಿ, ಆಮೇಲೆ ಕಮಲಾಪುರ. ಬಾದಾಮಿಯಲ್ಲಿ ಒಳ್ಳೆಯ ಹೋಟೆಲುಗಳು ಕಡಿಮೆ. ನಿಮ್ಮ ರಜೆ ಜನವರಿಗೆ ಜಾರಿದರೆ ಬನದ ಹುಣ್ಣಿಮೆ ಯಾವತ್ತು ಅಂತ ಪಂಚಾಂಗ ನೋಡಿಕೊಳ್ಳಿ. ಬನಶಂಕರಿ ಜಾತ್ರೆ ಆಗ ಶುರು, ರೂಮ್ ಸಿಗಲ್ಲ, ರಸ್ತೆಯೂ ತುಂಬಿರುತ್ತದೆ. ಎಳ್ಳ ಅಮಾವಾಸ್ಯೆ ನಿಮ್ಮ ದಿನಗಳಲ್ಲೇ ಬಿದ್ದರೆ ಮಾತ್ರ ದಿನ ಬದಲಿಸಬೇಡಿ. ಅವತ್ತು ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಎಡೆಯ ಅಡುಗೆ ಚೆಲ್ಲಲು, ಹೊಲಕ್ಕೆ ಹೋಗಿರುತ್ತದೆ, ಅಂಗಡಿಗಳು ಮುಚ್ಚಿರಬಹುದು. ಹೊಲದ ಬದುವಿನಿಂದ ಯಾರಾದರೂ ‘ಬರ್ರಿ, ಊಟ ಮಾಡ್ರಿ’ ಅಂತ ಕರೆದರೆ ಕಾರು ಪಕ್ಕಕ್ಕೆ ಹಾಕಿ ಹೋಗಿ ಕೂತುಕೊಳ್ಳಿ. ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಹೋಳಿಗೆ ಎಲ್ಲ ಇರುತ್ತವೆ.